ಕಿಲುಬು ಹಿಡಿದ ಬಾಗಿಲು

ಹಸಿರು, ನವಿಲುಗರಿಯ ಹಸಿರು, ನೋಡೋಕೆ ಎಷ್ಟು ಚೆಂದ, ಪೂಜೆಯ ತಾಮ್ರದ ಚೊಂಬಿಗೆ ಹಿಡಿಯುತ್ತಲ್ಲ ಅದೇ ಕಿಲುಬು, ಕಾರಿನ ಬಾಗಿಲ ತಗಡು ಬಿಚ್ಚಿದರೆ ಒಳಗೆ ತಂತಿ ತಂತಿ ಸೇರುವ ಕಡೆಯಲ್ಲೆಲ್ಲ ಅದೇ, ಉಪ್ಪುಕಾಗದ ಹಾಕಿ ಉಜ್ಜಿದರೆ ಪುಡಿ ಉಗುರಿನ ಸಂದಿಗೆ ಇಳಿಯುತ್ತೆ, ತುಟಿಗೆ ತಾಗಿದರೆ ಕಹಿ — ಹಳೇಬೀಡಿನ ಕೆರೆ ನೀರು ಕುಡಿದ ಕಾರು ಇದು, ನಮ್ಮಣ್ಣನನ್ನ ಕುಡಿದ ಕಾರು. ಜಯದೇವಣ್ಣ, ಅರಸೀಕೆರೆ ಸ್ಟೇಷನ್ನಿನಲ್ಲಿ ರೈಲಿಳಿದವರ ಪೆಟ್ಟಿಗೆ ತಾನೇ ಹೊತ್ತುಕೊಂಡು ಬಂದು ಈ ಬಾಗಿಲು ತೆಗೆದು ನಿಲ್ಲುತ್ತಿದ್ದ, ಬನ್ನಿ ಸ್ವಾಮಿ, ಬೇಲೂರು ಹಳೇಬೀಡು ಎರಡೂ ತೋರಿಸಿ ಸಾಯಂಕಾಲದ ಗಾಡಿಗೆ ಬಿಡ್ತೀನಿ — ಅವತ್ತೂ ಹಾಗೇ ಹೋದ, ಬೊಂಬಾಯಿಯ ಗಂಡ ಹೆಂಡತಿ ಹಿಂದೆ ಕೂತಿದ್ದರು, ಕೆರೆ ಏರಿಯ ಮೇಲೆ ಎದುರಿಗೆ ಬಸ್ಸು, ದಾರಿ ಬಿಡೋಣ ಅಂತ ಹಿಂದಕ್ಕೆ ತಗೊಂಡ, ಮಳೆಗೆ ನೆನೆದಿದ್ದ ಅಂಚು ಕುಸಿಯಿತು. ಹಿಂದಿನವರು ಇಬ್ಬರೂ ಈಚೆ ಬಂದರು. ಅಣ್ಣ ಬರಲಿಲ್ಲ. ಕುಡಿದಿದ್ನಂತೆ ಕಣ್ಲಾ, ಅಂತ ಹೋಟೆಲಿನ ಬೆಂಚಿನ ಮೇಲೆ ಯಾರೋ ಅಂದರು, ನಾನು ಅಲ್ಲೇ ಇದ್ದೆ, ಬೀಡಿ ಕೂಡ ಮುಟ್ಟದವನು ನಮ್ಮಣ್ಣ, ಕಾಫಿ ಲೋಟ ಹಾಗೇ ಬಿಟ್ಟು ಎದ್ದು ಬಂದೆ.

ಕಾರಿನ ಯಜಮಾನರು ಚಂದ್ರಶೇಖರಯ್ಯ ಒಳ್ಳೆಯವರೇ, ನೋಡು ಸಿದ್ದಬಸಪ್ಪ, ಎಂಜಿನ್ ಸರಿಹೋಯ್ತು, ವೈರಿಂಗ್ ಒಂದು ಉಳಿದಿದೆ, ನಿನಗೆ ಮನಸ್ಸಿಗೆ ಕಷ್ಟ ಆದ್ರೆ ಹಾಸನಕ್ಕೆ ಕಳಿಸ್ತೀನಿ — ಬೇಡಿ ಸ್ವಾಮಿ, ನಾನೇ ಮಾಡ್ತೀನಿ ಅಂದೆ, ಯಾಕಂದೆನೋ, ಯಾವನೋ ಈ ಸೀಟಿನ ಮೇಲೆ ಕೂತು ಸಿಳ್ಳೆ ಹಾಕಿಕೊಂಡು ಕೆಲಸ ಮಾಡೋದು ಕಣ್ಣಿಗೆ ಬಂತು, ಅದಕ್ಕೇ ಅಂದೆ. ಬೇರೆಯವನು ಮಾಡಿದ್ದರೆ ಇದನ್ನ ನಾನು ನೋಡುತ್ತಿರಲಿಲ್ಲ. ಬಾಗಿಲ ಒಳಗಿನ ಹಿಡಿ. ಉಕ್ಕಿನದು, ಸುತ್ತಿಗೆಯಲ್ಲಿ ಹೊಡೆದರೂ ಬೇಗ ಜಗ್ಗದು, ಅದು ಬಾಗಿ ಹೋಗಿದೆ, ಗಾಜಿನ ಅಂಚಿನ ರಬ್ಬರು ಉಗುರಿನಿಂದ ಕಿತ್ತ ಹಾಗೆ ಚೂರುಚೂರು — ಎಷ್ಟು ಹೊತ್ತು ಎಳೆದನೋ, ನೀರು ಎಲ್ಲೀತನಕ ಬಂದಿತ್ತೋ, ಯಾರ ಹೆಸರು ಕೂಗಿದನೋ.

ಮಧ್ಯಾಹ್ನ ಅತ್ತಿಗೆ ಬಂದಳು. ಕಣಕಟ್ಟೆಯ ತವರಿನಿಂದ ಬಸ್ಸಿನಲ್ಲಿ, ಒಬ್ಬಳೇ, ಬೋಳು ಹಣೆ, ಮುದ್ದಮ್ಮತ್ತಿಗೆಯ ಹಣೆ ಅಷ್ಟು ಅಗಲ ಅಂತ ನನಗೆ ಗೊತ್ತೇ ಇರಲಿಲ್ಲ, ನೀರು ಕೊಟ್ಟೆ, ಕುಡಿಯಲಿಲ್ಲ, ಸೀದಾ ಕಾರಿನ ಹತ್ತಿರ ಹೋದಳು. ಅವರು ಕೂತಿದ್ದು ಈ ಕಡೆನಾ. ಹೂಂ ಅತ್ತಿಗೆ. ಸೀಟಿನ ಮೇಲೆ ಕೈಯಾಡಿಸಿದಳು, ಬಾಗಿಲ ಮೇಲೆ, ಆಮೇಲೆ ಹಿಡಿಯ ಮೇಲೆ ಬೆರಳು ನಿಂತಿತು — ಇದ್ಯಾಕೆ ಹಿಂಗೆ ಸೊಟ್ಟಗೈತೆ ಸಿದ್ದಬಸಪ್ಪ. ಎತ್ತು ಕಟ್ಟಿ ಕೆರೆಯಿಂದ ಎಳೆದರಲ್ಲ ಅತ್ತಿಗೆ, ಹಗ್ಗ ಅದಕ್ಕೇ ಬಿಗಿದಿದ್ರು. ಬಾಯಿಂದ ಹೇಗೆ ಬಂತೋ, ಹಗ್ಗ ಬಿಗಿದದ್ದು ಹಿಂದಿನ ಚಕ್ರದ ಅಚ್ಚಿಗೆ, ನಾನೇ ಗಂಟು ಬಿಚ್ಚಿದವನು. ಅವರಿಗೆ ಏನಾರ ಗೊತ್ತಾಗಿರ್ತದಾ, ನಿಜ ಹೇಳಪ್ಪ, ರಾತ್ರಿಯೆಲ್ಲ ಅದೇ ಆಗೈತೆ ನಂಗೆ. ಇಲ್ಲ ಅತ್ತಿಗೆ, ಸ್ಟೇರಿಂಗಿಗೆ ತಲೆ ಬಡಿದು ಆಗಲೇ ಹೋಗಿಬಿಟ್ಟಿದ್ದ, ನೀರು ಬರೋಕೆ ಮುಂಚೆನೇ, ಒಂದು ಚೂರೂ ಗೊತ್ತಾಗಿಲ್ಲ. ನನ್ನ ಮುಖವನ್ನೇ ನೋಡಿದಳು, ತುಂಬಾ ಹೊತ್ತು. ಅಷ್ಟಾದ್ರೂ ಶಿವ ಕಾಪಾಡಿದ ಬಿಡು, ಅಂದಳು. ಸೆರಗಿನಿಂದ ಸೀಟು ಒರೆಸಿದಳು, ಬತ್ತೀನಿ ಕಣಪ್ಪ, ಬಸ್ಸು ಹೊರಟುಬಿಡ್ತದೆ. ಹೋದಳು. ನಂಬಿದಳೋ, ನನಗೋಸ್ಕರ ನಂಬಿದ ಹಾಗೆ ಮಾಡಿದಳೋ.

ಹೊತ್ತು ಇಳೀತಾ ಇದೆ, ಸ್ಟೇಷನ್ನಿನ ಕಡೆ ಎಂಜಿನ್ ಕೂಗಿತು, ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತೆ, ತಾಮ್ರ ಈಗ ಕೆಂಪಗೆ ಹೊಳೀತಿದೆ, ಸೀಸ ಕರಗಿಸಿ ಬೆಸುಗೆ, ಬಟ್ಟೆ ಸುತ್ತಿ, ತಗಡು ಮುಚ್ಚಿ, ಬ್ಯಾಟರಿಗೆ ತಂತಿ ಕೊಟ್ಟೆ — ಕಾರಿನ ಒಳಗೆ ಮೇಲ್ಗಡೆ ಪುಟ್ಟ ದೀಪ ಹತ್ತಿತು. ಬಾಗಿಲು ತೆಗೆದರೆ ಹತ್ತೋದು, ಹಾಕಿದರೆ ಆರೋದು, ಅಷ್ಟೇ ಅದರ ಕೆಲಸ, ಸರಿಯಾಗಿದೆ, ಯಜಮಾನರಿಗೆ ಹೇಳಿ ಕಳಿಸಬೇಕು, ಬಾಗಿಲು ಹಾಕಬೇಕು, ಹಾಕಿ ಒಂದು ಸಲ ನೋಡಬೇಕು ಆರುತ್ತಾ ಅಂತ, ಬ್ಯಾಟರಿ ಸುಮ್ಮನೆ ಖರ್ಚಾಗುತ್ತೆ, ಕೈ ಬಾಗಿಲ ಮೇಲೇ ಇದೆ, ತಳ್ಳಿದರೆ ಆಯ್ತು — ಒಳಗೆ ಕತ್ತಲಾಗುತ್ತೆ. ಖಾಲಿ ಸೀಟು, ಮೇಲೆ ಹಳದಿ ದೀಪ. ತಳ್ಳಬೇಕು. ಖಾಲಿ ಸೀಟು, ಮೇಲೆ ದೀಪ, ಬಾಗಿಲು ತೆಗೆದೇ ಇದೆ, ತೆಗೆದೇ ಇದೆ ಅಣ್ಣ, ಬಾ —