ಎಂಜಿನಿಯರ್ ಸಹಿ

ಆ ದೊಡ್ಡ ಟಿ.ವಿ. ಎಷ್ಟು ದೊಡ್ಡದು ಅಂತ ನೋಡಿದವರನ್ನು ಕೇಳಬೇಡಿ, ಹೊತ್ತವರನ್ನು ಕೇಳಿ. ನೂರು ಕೆ.ಜಿ.ಗೂ ಮೇಲೆ. ವಿದ್ಯಾರಣ್ಯಪುರಂನ ಪ್ರೇಮಲೀಲಾ ಮೇಡಂ ಮನೆಯ ಮೆಟ್ಟಿಲು ಕಿರಿದು. ಅದನ್ನು ಹತ್ತಿಸುವಾಗ ನನ್ನ ಹೆಬ್ಬೆರಳಿನ ಉಗುರು ಕಿತ್ತುಹೋಯಿತು. ನಾನು ಚೆಲುವರಾಜು, ಇಲವಾಲದವನು. ದೇವರಾಜ ಮೊಹಲ್ಲಾದಲ್ಲಿ ಪ್ರಭುಸ್ವಾಮಿಯವರ ಟಿ.ವಿ. ಅಂಗಡಿಯಿದೆಯಲ್ಲ, ಅಲ್ಲಿ ಸಾಮಾನು ಹೊರುವ ನಾಲ್ವರಲ್ಲಿ ಒಬ್ಬ. ಇದು ಎರಡು ಸಾವಿರದ ಎರಡನೇ ಇಸವಿಯ ಮಾತು.

ಹೊರುವುದು ನಮ್ಮ ಕೆಲಸ. ಚಿತ್ರ ಸರಿಮಾಡುವುದು ಅದೇ ಅಂಗಡಿಯ ಮಹದೇವುದು. ಆ ಟಿ.ವಿ.ಯ ಹೊಟ್ಟೆಯೊಳಗೆ ಕೆಂಪು, ಹಸಿರು, ನೀಲಿ ಎಂದು ಮೂರು ಟ್ಯೂಬು. ಮೂರರ ಬೆಳಕೂ ಪರದೆಯ ಮೇಲೆ ಒಂದೇ ಕಡೆ ಬೀಳಬೇಕು. ಬೀಳದಿದ್ದರೆ ವಾರ್ತೆ ಓದುವವಳಿಗೆ ಮೂರು ಮೂಗು. ಮಹದೇವು ಇದಕ್ಕೆ 'ಗೆರೆ ಕೂಡಿಸೋದು' ಎನ್ನುತ್ತಿದ್ದ. ರಿಮೋಟು ಹಿಡಿದು ಕೂತರೆ ಮೂರು ಗಂಟೆ ನೀರೂ ಕೇಳುತ್ತಿರಲಿಲ್ಲ. ಓದಿದ್ದು ಏಳನೇ ಕ್ಲಾಸು. ಇಡೀ ಮೈಸೂರಲ್ಲಿ ಅವನ ಹಾಗೆ ಗೆರೆ ಕೂಡಿಸುವವನನ್ನು ನಾನಂತೂ ಕಂಡಿಲ್ಲ.

ಮೇಡಂ ಬ್ಯಾಂಕಿನ ಕೆಲಸದವರು. ಅವರ ಮಾವನಿಗೆ ಕಣ್ಣು ಮಂಜು, ಆದರೂ ದಿನವಿಡೀ ವಾರ್ತೆ ಬೇಕು, ಕೆಳಗಿನ ಪಟ್ಟಿಯಲ್ಲಿ ಬರುವ ಅಕ್ಷರ ಓದಬೇಕು. ಅದಕ್ಕೇ ದೊಡ್ಡ ಟಿ.ವಿ. ಅವರು ಕೊಳ್ಳಲು ಬಂದಾಗ ನಮ್ಮ ಅಂಗಡಿಯಲ್ಲಿ ಅದನ್ನು ಕರಿ ಬಟ್ಟೆ ಇಳಿಬಿಟ್ಟ ಕೋಣೆಯಲ್ಲಿಟ್ಟು, ಕಾಂಟ್ರಾಸ್ಟನ್ನು ಕೊನೆಯವರೆಗೂ ಏರಿಸಿದ್ದರು. ಚಿತ್ರ ಧಗಧಗ ಅನ್ನುತ್ತಿತ್ತು.

"ಆ ಬಟ್ಟೆ ಸರಿಸಿ ನೋಡಿ ಮೇಡಂ, ಮನೇಲಿ ಬೆಳಕಿರ್ತದೆ. ಒಸಿ ಪಕ್ಕಕ್ಕೆ ನಿಂತೂ ನೋಡಿ, ಮಂಕಾಯ್ತದೆ" ಎಂದ ಮಹದೇವು.

"ನಿನ್ನನ್ಯಾರೋ ಕೇಳಿದ್ದು?" ಎಂದು ಗದರಿದರು ಪ್ರಭುಸ್ವಾಮಿ.

ಮನೆಯಲ್ಲಿ ಗೆರೆ ಕೂಡಿಸಿದ ಮೇಲೆ ಮಹದೇವು ಕಾಂಟ್ರಾಸ್ಟನ್ನು ಅರ್ಧಕ್ಕೂ ಕೆಳಗೆ ಇಳಿಸಿದ. ಮೇಡಂ ಮುಖ ಸಪ್ಪಗಾಯಿತು. "ಅಂಗಡೀಲಿ ಹೀಗಿರಲಿಲ್ವಲ್ಲ?" ಎಂದು ಅಲ್ಲಿಗೇ ಫೋನ್ ಮಾಡಿ, ಪ್ರಭುಸ್ವಾಮಿ ಮಹದೇವುನನ್ನು ಕರೆದರೆಂದು ಫೋನನ್ನು ಅವನ ಕೈಗೆ ಕೊಟ್ಟು, ಕಾಫಿ ತರಲು ಒಳಗೆ ಹೋದರು. ಯಜಮಾನರ ಗಂಟಲು ನಮಗೂ ಕೇಳಿಸಿತು.

"ಪೂರ್ತಿ ಏರಿಸ್ಬುಡು."

"ಸಾರ್, ದಿನಾ ಒಂದೇ ಚಾನಲ್ ನೋಡೋ ಮನೆ ಇದು. ಕೆಳಗಿನ ಪಟ್ಟಿ ಟ್ಯೂಬಲ್ಲೇ ಸುಟ್ಟು ಕೂತ್ಕೊಂಬುಡ್ತದೆ."

"ಏರಿಸು ಅಂದ್ರೆ ಏರಿಸು. ಬಾಯ್ಮುಚ್ಕೊಂಡು ಬಾ."

ಏರಿಸಿದ. ಬಾಯಿ ಮುಚ್ಚಿಕೊಂಡು ಬಂದ. ನಾವು ನಾಲ್ವರೂ ಮೇಡಂ ಕೊಟ್ಟ ಕಾಫಿ ಕುಡಿದು ಸುಮ್ಮನೆ ಬಂದೆವು. ಅದು ನಮ್ಮ ತಪ್ಪು, ಮುಚ್ಚಿಡುವುದಿಲ್ಲ.

ಎಂಟು ತಿಂಗಳಿಗೆ ಪಟ್ಟಿ ಸುಟ್ಟು ಕೂತಿತು. ಯಾವ ಚಾನಲ್ ಹಾಕಿದರೂ ಕೆಳಗೆ ಅದೇ ಕಲೆ. ಗ್ರಾಹಕರ ನ್ಯಾಯಾಲಯಕ್ಕೆ ಹೋಗುತ್ತೇನೆ ಎಂದರು ಮೇಡಂ. ಮರುದಿನವೇ ಪ್ರಭುಸ್ವಾಮಿ ತಮ್ಮ ಅಕ್ಕನ ಮಗ ಸುಂದರೇಶನನ್ನೂ, ಮಹದೇವುನನ್ನೂ, ನಮ್ಮನ್ನೂ ಕಟ್ಟಿಕೊಂಡು ಅವರ ಮನೆಗೆ ಬಂದರು. ರಿಪೇರಿಗೆ ಅಂತ ಟಿ.ವಿ.ಯನ್ನು ಗೋಡೌನಿಗೆ ಸಾಗಿಸಿದರೆ ಸಾಕ್ಷಿಯೂ ಸಾಗಿಹೋಗುತ್ತದಲ್ಲ!

ಬಾಗಿಲ ಹೊರಗೇ ಒಂದು ಕಾಗದ ತೆಗೆದರು. 'ಎಂಜಿನಿಯರ್ ತಪ್ಪಾಗಿ ಸೆಟ್ ಮಾಡಿದ್ದರಿಂದ ಟ್ಯೂಬು ಸುಟ್ಟಿದೆ. ಅಂಗಡಿ ಹೊಣೆಯಲ್ಲ.'

"ಸೈನ್ ಹಾಕು ಮಹದೇವು."

ಅವನು ಅಕ್ಷರ ಅಕ್ಷರ ಕೂಡಿಸಿ ಓದಿದ. "ಎಂಜಿನಿಯರ್ ಅಂತ ಅದೆ ಸಾರ್."

"ನೀನೇ ಕಣೋ!"

ಥೂ! ಆರು ವರ್ಷ ಇವನು ಗೆರೆ ಕೂಡಿಸಿದ ಪ್ರತಿ ಮನೆಯ ವಾರಂಟಿ ಕಾರ್ಡಿನಲ್ಲೂ ಎಂಜಿನಿಯರ್ ಎಂಬಲ್ಲಿ ಸುಂದರೇಶನ ಸಹಿ. ಡಿಪ್ಲೊಮಾ ಮಾಡಿದವನಂತೆ, ಒಂದು ದಿನ ಟಿ.ವಿ. ಮುಂದೆ ಕೂತಿದ್ದನ್ನು ನಾನು ಕಾಣೆ. ಹಾಜರಿ ಪುಸ್ತಕದಲ್ಲಿ ಮಹದೇವು ಬರೀ ಹೆಲ್ಪರ್. ಟ್ಯೂಬು ಸುಟ್ಟ ದಿನ ಬಡ್ತಿ ಸಿಕ್ಕಿತು ನೋಡಿ!

"ಹಾಕ್ದೆ ಇದ್ರೆ ನಾಳೆಯಿಂದ ಬರ್ಬೇಡ" ಎಂದರು ಪ್ರಭುಸ್ವಾಮಿ.

ಹಾಕಿದರೂ ಅವನ ಪಾಡು ಅಷ್ಟೇ. ಟಿ.ವಿ. ಸುಟ್ಟವನು ಅಂತ ಹೆಸರು ಬಿದ್ದರೆ ಮೈಸೂರಲ್ಲಿ ಯಾರು ಅವನ ಕೈಗೆ ರಿಮೋಟು ಕೊಡುತ್ತಾರೆ?

ಮಹದೇವು ಕಾಗದ ಹಿಡಿದುಕೊಂಡೇ ಒಳಗೆ ನಡೆದ. ನಾವೆಲ್ಲ ಹಿಂದೆಯೇ ನುಗ್ಗಿದೆವು.

"ಮೇಡಂ, ಕಾಂಟ್ರಾಸ್ಟು ಏರ್ಸಿದ್ದು ಈ ಕೈಯೇ. ಸುಡ್ತದೆ ಅಂತ ಗೊತ್ತಿತ್ತು. ಅವತ್ತು ಫೋನಲ್ಲಿ ಏರ್ಸು ಅಂದೋರು ಇವ್ರು. ನಿಮ್ಗೆ ಹೇಳ್ಬೇಕಿತ್ತು, ಕೆಲ್ಸ ಹೋಯ್ತದೆ ಅಂತ ಹೆದರ್ಕಂಡೆ. ಯಾವ ಕೋರ್ಟಿಗಾದ್ರೂ ಬಂದು ಹೇಳ್ತೀನಿ. ಬರೀರಿ, ಸೈನ್ ಹಾಕ್ತೀನಿ."

"ಎಂಟು ತಿಂಗಳು ಸುಮ್ನಿದ್ದು ಈಗ ಹೇಳ್ತೀರಾ?" ಮೇಡಂ ಸಿಟ್ಟಿನಿಂದ ಕೇಳಿದರು.

"ಹೌದು ಮೇಡಂ. ತಪ್ಪೇ."

ಮೇಡಂ ಬಿಳಿ ಹಾಳೆ ತಂದರು. ಅವನು ಹೇಳಿದ್ದನ್ನೆಲ್ಲ ಬರೆದುಕೊಂಡರು. ಪ್ರಭುಸ್ವಾಮಿ ಸುಳ್ಳು ಸುಳ್ಳು ಎಂದು ಕೂಗುತ್ತಲೇ ಇದ್ದರು. ಬರೆಯುವುದು ನಿಲ್ಲಲಿಲ್ಲ.

"ನಿಮ್ಮ ಕೆಲಸ ಏನೂಂತ ಹಾಕ್ಲಿ?"

ಮಹದೇವು ಸುಂದರೇಶನ ಕಡೆ ನೋಡಿದ. "ಎಂಜಿನಿಯರ್ ಅಂತ್ಲೇ ಬರೀರಿ" ಎಂದು ಸಹಿ ಹಾಕಿದ.

ಪ್ರಭುಸ್ವಾಮಿ ನಮ್ಮ ಕಡೆ ತಿರುಗಿದರು. "ಏನ್ರೋ ನೋಡ್ತಾ ನಿಂತಿದ್ದೀರಿ? ಎತ್ರೋ ಟಿ.ವಿ.ನ!"

ನಾನು ಟಿ.ವಿ. ಮುಂದೆ ನೆಲದ ಮೇಲೆ ಕೂತೆ. ಪಕ್ಕದಲ್ಲಿ ಮೂವರೂ ಕೂತರು.

"ಎಂಜಿನಿಯರ್ ಹೇಳ್ಲಿ ಸಾರ್, ಎತ್ತೀವಿ."

"ಎತ್ರೋ" ಎಂದ ಸುಂದರೇಶ.

"ನೀವಲ್ಲ" ಎಂದೆ.