ದೊಡ್ಡಮ್ಮನನ್ನು ಕರೆದ ಸದ್ದು

"ನಿಮ್ಮ ದೊಡ್ಡಮ್ಮ ಇವತ್ತೂ ಬರೋ ಹಂಗಿಲ್ಲ, ಭಾವ. ಎಲ್ಲೋ ಒಳ್ಳೇ ನೆಂಟಸ್ತನ ಸಿಕ್ಕಿರಬೇಕು," ಎಂದ ಸೋ ಪಾಯಿಂಗ್, ದೋಣಿಯ ಹಿಂಬದಿಯಲ್ಲಿ ಹುಟ್ಟು ಹಾಕುತ್ತ.

ಫೋ ಲ್ವಿನ್ ಮುಂಬದಿಯಲ್ಲಿ ಮಂಡಿಯೂರಿ ಕೂತು, ಮೊಂಡು ಕೋಲಿನಿಂದ ದೋಣಿಯ ಅಂಚನ್ನು ತಟ್ಟಿದ. ಟಕ ಟಕ, ಒಂದು ಬಿಡುವು, ಮತ್ತೆ ಟಕ. ಆಮೇಲೆ ಗಂಟಲಿನ ಆಳದಿಂದ ಗುರ್ರ್ ಎಂದು ಕೂಗಿದ. ಐರಾವತಿ ಹೊಳೆ ಮಂಜು ಹೊದ್ದು ಸುಮ್ಮನೆ ಹರಿಯುತ್ತಿತ್ತು.

ಬಾಲದ ಅಂಚು ಹರಿದಿದ್ದ ಒಂದು ಮುದಿ ಡಾಲ್ಫಿನ್ನನ್ನು ಅವನು ದೊಡ್ಡಮ್ಮ ಎನ್ನುತ್ತಿದ್ದ. ಇವನ ಮೀಸೆ ಕಪ್ಪಗಿದ್ದಾಗಿನ ಪರಿಚಯ. ತಟ್ಟಿದರೆ ಬರುತ್ತಿದ್ದಳು, ಚದುರಿದ ಮೀನನ್ನು ಒತ್ತರಿಸಿ ದೋಣಿಯ ಪಕ್ಕಕ್ಕೆ ತರುತ್ತಿದ್ದಳು, ಬಾಲ ಎತ್ತುತ್ತಿದ್ದಳು. ಬಾಲ ಎದ್ದರೆ ಬಲೆ ಬೀಸು ಎಂದು ಅರ್ಥ. ಅವಳಿಲ್ಲದೆ ಇಷ್ಟಗಲದ ಹೊಳೆಯಲ್ಲಿ ಬಲೆ ಬೀಸುವುದು ಕಣ್ಣು ಕಟ್ಟಿಕೊಂಡು ಕಲ್ಲೆಸೆದ ಹಾಗೆ.

ಸತ್ತೇ ಹೋಗಿದ್ದರೆ ಅತ್ತು ಮುಗಿಸಬಹುದಿತ್ತು. ಬದುಕಿದ್ದಳು. ಆಚೆ ದಂಡೆಯ ತುನ್ ಖೈಂಗ್ ತಟ್ಟಿದರೆ ಹೋಗುತ್ತಿದ್ದಳು. ಇವನ ತಟ್ಟು ಕೇಳಿಸಿತೋ, ಮುಳುಗಿ ಮಾಯ. ಮನೆಯಲ್ಲಿ ದಿನವೂ ಬರೀ ಗಂಜಿ, ಹುಣಸೆ ಚಿಗುರು. ಅದನ್ನಾದರೂ ಫೋ ಲ್ವಿನ್ ತಡೆದುಕೊಂಡಾನು. ತಾನೇನು ತಪ್ಪು ಮಾಡಿದೆ ಎನ್ನುವುದೇ ತಿಳಿಯದೆ ಅವನಿಗೆ ಅನ್ನವೂ ಇಳಿಯುತ್ತಿರಲಿಲ್ಲ.

"ನೀವು ತಟ್ಟೋದು ಮೆತ್ತಗಾಯ್ತು, ಭಾವ. ಬಿಡುವು ಕೊಟ್ಟ ಮೇಲಿನ ಏಟು ಜೋರಾಗಿ ಬೀಳ್ಬೇಕು. ಆಗ ಬರ್ತಾಳೆ."

ಕೋಲು ನಿಂತಿತು. "ನಿಂಗೆ ಹೆಂಗೆ ಗೊತ್ತು?"

"ದಿನಾ ನೋಡ್ತೀನಲ್ಲ."

"ನೋಡಿದೋರಿಗೆ ಇದು ಗೊತ್ತಾಗಲ್ಲ ಕಣೋ. ತಟ್ಟಿದೋರಿಗೆ ಗೊತ್ತಾಗೋದು."

ಒಂದೊಂದು ದೋಣಿಗೂ ಒಂದೊಂದು ತಟ್ಟು. ಅದು ಅಪ್ಪನಿಂದ ಮಗನಿಗೆ ಬರುವಂಥದ್ದು. ಹೆಂಡತಿಯ ತಮ್ಮನೆಂದು ಸೋ ಪಾಯಿಂಗ್‌ಗೆ ಹುಟ್ಟು ಕೊಟ್ಟಿದ್ದನೇ ಹೊರತು ಕೋಲನ್ನು ಮುಟ್ಟಗೊಟ್ಟಿರಲಿಲ್ಲ.

"ನೀವು ಜ್ವರ ಬಂದು ಮಲಗಿದ್ರಲ್ಲ," ಎಂದ ಸೋ ಪಾಯಿಂಗ್. "ಅಕ್ಕಿ ಡಬ್ಬದ ತಳ ಕಾಣ್ತಿತ್ತು. ಮೇಲಿನೂರಿನ ಹುಡುಗ್ರ ಹತ್ರ ಬ್ಯಾಟರಿ ಇಸ್ಕೊಂಡೆ. ನೀರಿಗೆ ತಂತಿ ಬಿಟ್ಟು ಕರೆಂಟ್ ಕೊಡೋದು."

"ಹಾಳಾಗೋರು ತುಂಬ ಜನ ಅದನ್ನ ಮಾಡ್ತಾರೆ. ಮುಂದಕ್ಕೆ ಹೇಳು."

"ಖಾಲಿ ನೀರಿಗೆ ಕೊಟ್ರೆ ಏನ್ ಸಿಗತ್ತೆ. ಮೀನು ಒಂದು ಕಡೆ ಸೇರ್ಬೇಕಲ್ಲ. ಅದಕ್ಕೇ…"

"ಕರೆದೆ."

"ಕರೆದೆ."

"ಬಂದ್ಲಾ?"

"ನಿಮ್ಮ ತಟ್ಟು ತಟ್ಟಿದ ತಕ್ಷಣ ಬಂದ್ಲು. ಮೀನು ಒತ್ಕೊಂಡು ಬಂದ್ಲು."

"ಬಾಲ ಎತ್ತಿದ್ಲಾ?"

ಸೋ ಪಾಯಿಂಗ್ ಮುಖ ತಿರುಗಿಸಿದ. "ಎತ್ತಿದ್ಲು, ಭಾವ. ಆಗ ಕರೆಂಟ್ ಬಿಟ್ಟೆ, ಅವಳಿಗೂ ತಗಲಿ ಒದ್ದಾಡಿಬಿಟ್ಲು. ಸಾಯ್ಲಿಲ್ಲವಲ್ಲ, ಮರೀತಾಳೆ ಅಂದ್ಕೊಂಡೆ."

ಜ್ವರದಲ್ಲಿ ಹೆಂಡತಿ ಏ ಮೂ ಕುಡಿಸಿದ ಮೀನಿನ ಸಾರು ಫೋ ಲ್ವಿನ್‌ಗೆ ನೆನಪಾಯಿತು. ಬಾಯಿಗೆ ರುಚಿಯಾಗಿದೆ ಎಂದು ಇನ್ನೊಂದು ಬಟ್ಟಲು ಕೇಳಿ ಕುಡಿದಿದ್ದ. ಹೊಡೆಯಲು ಕೈ ಏಳಲಿಲ್ಲ.

"ಹುಟ್ಟು ಹಾಕು," ಎಂದ. "ಮನೆಗೆ ಹೋಗಣ."

ಅದೇ ಸಂಜೆ ಆಚೆ ದಂಡೆಗೆ ಹೋಗಿ ತುನ್ ಖೈಂಗ್‌ನ ಮುಂದೆ ಎಲ್ಲ ಹೇಳಿಕೊಂಡ. ತುನ್ ಖೈಂಗ್ ವಯಸ್ಸಿನಲ್ಲಿ ದೊಡ್ಡವನು. ಬಲೆಯ ಹರುಕು ಹೆಣೆಯುತ್ತಲೇ ಕೇಳಿಸಿಕೊಂಡ.

"ನನ್ನ ದೋಣಿಗೆ ಬಾ, ಹುಟ್ಟು ಹಾಕು. ಹಿಡಿದದ್ದನ್ನ ಹಂಚ್ಕೊಳ್ಳಣ. ಆದ್ರೆ ಕೋಲು ಮುಟ್ಬೇಡ, ಗಂಟಲಿಂದ ಸದ್ದು ಬಿಡ್ಬೇಡ. ನಿಮ್ಮನೆ ಸದ್ದು ಈ ದೋಣಿಯಿಂದ ಬಂದ್ರೆ ನನ್ನನ್ನೂ ನಂಬಲ್ಲ ಅವಳು. ನಂಗೂ ಮೊಮ್ಮಕ್ಕಳಿದಾವೆ."

"ಬಾಯಿ ತುಂಬ ಎಲೆಯಡಿಕೆ ಹಾಕ್ಕೊಂಡೇ ಕೂತ್ಕೋತೀನಿ, ಅಣ್ಣ."

"ಹಾಕ್ಕೋ. ನಿನ್ನ ಬಾಯಿ ಮುಚ್ಚಿದ್ದನ್ನ ಊರಲ್ಲಿ ಯಾರೂ ನೋಡಿಲ್ಲ. ನಾನಾದ್ರೂ ನೋಡ್ತೀನಿ."

ಮರುದಿನ ಬೆಳಗ್ಗೆ ಫೋ ಲ್ವಿನ್ ಹಿಂಬದಿಯಲ್ಲಿ ಕೂತ. ತುನ್ ಖೈಂಗ್ ತನ್ನ ಮನೆಯ ತಟ್ಟು ತಟ್ಟಿದ, ಒಂದೇ ಸಮನೆ, ಮಳೆ ಹನಿಯ ಹಾಗೆ. ಮಂಜಿನೊಳಗೆ ಎಲ್ಲೋ ಉಸಿರು ಬಿಟ್ಟ ಸದ್ದಾಯಿತು. ಆಮೇಲೆ ಹತ್ತಿರದಲ್ಲಿ. ಬೂದು ಬೆನ್ನು, ಬೋಳು ದುಂಡು ತಲೆ. ಫೋ ಲ್ವಿನ್ ಹುಟ್ಟನ್ನು ಎದೆಗೆ ಒತ್ತಿ ಹಿಡಿದುಕೊಂಡ. ನೀರು ಕುದಿದಂತೆ ಮೀನು ಮಿಂಚಿದವು, ಅದರಾಚೆ ಆ ಹರಿದ ಬಾಲ ಎದ್ದಿತು. ಬೆನ್ನ ಮೇಲೆ ಎಂಥದೋ ಬಿಳಿಯ ಕಲೆ, ಮೊದಲು ಇರಲಿಲ್ಲ.

ಬಲೆ ಹರಡಿ ಬಿತ್ತು. ಒಳಗೆ ಸಿಕ್ಕಿದ್ದು ಮನುಷ್ಯರಿಗೆ, ಅಂಚಿನಿಂದ ಜಾರಿದ್ದು ಅವಳಿಗೆ. ಬಲೆ ಬಿದ್ದ ಕೂಡಲೇ ಗಂಟಲಿನಿಂದ ಗುರ್ರ್ ಎಂದು, ನಿನ್ನ ಪಾಲು ತಗೋ ಎಂದು ತಿಳಿಸುವುದು ಫೋ ಲ್ವಿನ್‌ನ ಮನೆಯವರ ಪದ್ಧತಿ. ತುನ್ ಖೈಂಗ್‌ನ ಮನೆಯಲ್ಲಿ ಅದಿಲ್ಲ. ಅವಳು ಬಾಯಿ ತೆರೆದು ಜಾರಿದ ಮೀನಿನ ಹಿಂದೆ ತಿರುಗಿದಳು. ಎಲೆಯಡಿಕೆಯ ಸಂದಿಯಿಂದಲೇ ಫೋ ಲ್ವಿನ್‌ನ ಗಂಟಲು ತಾನಾಗಿ ಗುರುಗುಟ್ಟಿತು.

ನೀರು ಒಮ್ಮೆ ಸುತ್ತಿತು. ಬೆನ್ನು ಕಾಣಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಬಲು ದೂರ, ಹೊಳೆಯ ನಡುವೆ, ಉಸಿರಿನ ಸದ್ದು ಕೇಳಿ ನಿಂತುಹೋಯಿತು.

"ಅಣ್ಣ, ನಾನು ಬೇಕಂತ…"

"ಗೊತ್ತು," ಎಂದ ತುನ್ ಖೈಂಗ್. ತಿರುಗಿ ನೋಡಲಿಲ್ಲ. ಮತ್ತೆ ತಟ್ಟಿದ, ಕಾದ, ಇನ್ನೊಮ್ಮೆ ತಟ್ಟಿದ.

"ನನ್ನ ಇಳಿಸಿಬಿಡು. ನಾನಿಲ್ದೆ ಇದ್ರೆ ಬಂದಾಳು."

"ಬಂದ್ರೆ ಬಂದ್ಲು," ಎಂದಷ್ಟೇ ಹೇಳಿ ತುನ್ ಖೈಂಗ್ ಕೋಲನ್ನು ತೊಡೆಯ ಮೇಲೆ ಇಟ್ಟುಕೊಂಡ.

ಫೋ ಲ್ವಿನ್ ತಾನೇ ದೋಣಿಯನ್ನು ಮರಳುದಿಬ್ಬದ ಕಡೆ ತಿರುಗಿಸಿದ. ಲುಂಗಿ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗೆ ಇಳಿದು, ಹುಟ್ಟನ್ನು ಸದ್ದಾಗದ ಹಾಗೆ ದೋಣಿಯೊಳಗೆ ಮಲಗಿಸಿದ.