ಅಂಗಿಯ ಚುಂಗು

ಜಿಂಕೆ ಬೇಟೆಯ ಸೀಸನ್ನಿಗೆ ಒಂದೇ ವಾರ ಉಳಿದಿತ್ತು. ನನ್ನ ಲೆಕ್ಕದಲ್ಲಿ ಇನ್ನೂ ಒಂದು ಅಳಿಲು ಬಾಕಿ.

ಷರತ್ತು ನಾನೇ ಹಾಕಿಕೊಂಡದ್ದು. ಸೆಪ್ಟೆಂಬರ್ ಮುಗಿಯುವುದರೊಳಗೆ ಮೂರು ಅಳಿಲು ಹೊಡೆಯಬೇಕು. ಒಂದಕ್ಕೆ ಒಂದೇ ಬಾಣ, ಬಿದ್ದಲ್ಲೇ ಪ್ರಾಣ ಹೋಗಬೇಕು. ಗುರಿ ತಪ್ಪಿದರೆ ಚಿಂತೆಯಿಲ್ಲ, ಆದರೆ ತಗುಲಿದ ಪ್ರಾಣಿ ನರಳಬಾರದು. ಇದಾಗದಿದ್ದರೆ ಈ ವರ್ಷ ಜಿಂಕೆಯ ಮೇಲೆ ಬಿಲ್ಲೆತ್ತುವುದಿಲ್ಲ ಎಂದು ನಿರ್ಧರಿಸಿದ್ದೆ. ನಲವತ್ತು ವರ್ಷ ಬಿಲ್ಲು ಹಿಡಿದವಳಿಗೆ ಇದೆಂಥ ಪರೀಕ್ಷೆ ಎಂದು ಟ್ವೈಲಾ ನಕ್ಕಿದ್ದಳು. ನಗಲಿ ಬಿಡಿ. ಕಾರಣ ಅವಳಿಗೆ ಗೊತ್ತಿರಲಿಲ್ಲ.

ಟ್ವೈಲಾ ಶಾಲೆಯ ಬಸ್ಸು ಓಡಿಸುತ್ತಾಳೆ, ನಾನು ಮರದ ಮಿಲ್ಲಿನಲ್ಲಿ ಹಲಗೆ ಆರಿಸುತ್ತೇನೆ. ಎರಡನೇ ತರಗತಿಯಿಂದ ಒಟ್ಟಿಗಿದ್ದೇವೆ. ಆ ಶನಿವಾರ ಬೆಳಿಗ್ಗೆ ಇಬ್ಬರೂ ಕಿತ್ತಳೆ ಬಣ್ಣದ ಟೋಪಿ ಹಾಕಿಕೊಂಡು, ಅವಳಪ್ಪ ಬೇಟೆಗೆಂದು ಕಟ್ಟಿದ ಮರದ ಮನೆಯಿಂದ, ಅಂದರೆ ನಮ್ಮ ಕ್ಯಾಂಪಿನಿಂದ, ಹೊರಟು ಗುಡ್ಡ ಹತ್ತುತ್ತಿದ್ದೆವು. ದಾರಿಯಲ್ಲಿ ಸಿಕ್ಕ ಕೊಳೆತ ಬೊಡ್ಡೆಗಳಿಗೆಲ್ಲ ಒಂದೊಂದು ಬಾಣ ಬಿಟ್ಟು ಕೈ ಬಿಸಿ ಮಾಡಿಕೊಳ್ಳುವುದು ನಮ್ಮ ರೂಢಿ. ಅಳಿಲಿನ ಬಾಣಕ್ಕೆ ಮೊನೆ ಇರುವುದಿಲ್ಲ. ಮೊಂಡು ರಬ್ಬರ್ ತಲೆ ಇರುತ್ತದೆ, ಜೊತೆಗೆ ದೂರ ಹಾರಿ ಕಳೆದುಹೋಗದಂತೆ ದಪ್ಪ ಗರಿ.

ಟ್ವೈಲಾ ಹತ್ತು ಹೆಜ್ಜೆಯ ಬೊಡ್ಡೆಯನ್ನೇ ತಪ್ಪಿಸಿದಳು.

"ಗಾಳಿ ಕಣೇ," ಎಂದಳು.

"ಒಂದೆಲೆ ಅಲುಗ್ತಿಲ್ಲ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ."

"ಹೋಗೇ, ದೊಡ್ಡ ಬಿಲ್ಲುಗಾತಿ! ಕ್ಯಾಂಪಿನ ಗೋಡೆ ಮೇಲೆ ನಿನ್ನ ಅಂಗಿ ಚುಂಗು ನೇತಾಡ್ತಿದೆ, ಮರೀಬೇಡ. ಆ ಸಿಟ್ಟನ್ನ ಪಾಪ ಅಳಿಲುಗಳ ಮೇಲೆ ತೀರಿಸ್ಕೊಳ್ತಿದೀಯ."

ಜಿಂಕೆಗೆ ಗುರಿ ತಪ್ಪಿದವರ ಅಂಗಿಯ ಹಿಂಬದಿಯ ಚುಂಗು ಕತ್ತರಿಸಿ, ಹೆಸರು, ವರ್ಷ ಬರೆದು ಗೋಡೆಗೆ ಮೊಳೆ ಹೊಡೆಯುವುದು ನಮ್ಮ ಕಡೆಯ ಕ್ಯಾಂಪುಗಳ ಪದ್ಧತಿ. ನಮ್ಮ ಗೋಡೆಯಲ್ಲಿ ಇಪ್ಪತ್ತಮೂರು ತುಂಡುಗಳಿವೆ. ಕೊನೆಯದು ನನ್ನದು, ಹಸಿರು ಚೌಕಳಿಯ ಬಟ್ಟೆ, ‘ನೋರೀನ್’ ಎಂದು ಟ್ವೈಲಾಳ ಕೈಬರಹ. ಆ ಚುಂಗು ಸುಳ್ಳು ಹೇಳುತ್ತಿತ್ತು.

ಗುಡ್ಡದ ನೆತ್ತಿಯಲ್ಲಿ ಯಾವಾಗಲೋ ಯಾರೋ ಬಿಟ್ಟುಹೋದ ಹೊಲವಿದೆ. ಹೊಲದ ತುಂಬ ಈಗ ಓಕ್ ಮರಗಳು, ಉಳಿದಿರುವುದು ಸೊಂಟದೆತ್ತರದ ಕಲ್ಲಿನ ಬೇಲಿ ಮಾತ್ರ. ಅದರ ಮೇಲೆ ಬೂದು ಅಳಿಲೊಂದು ಕೂತು ಓಕ್ ಕಾಯಿ ಕಡಿಯುತ್ತಿತ್ತು. ಹದಿನಾಲ್ಕು ಹೆಜ್ಜೆ ದೂರ. ಟ್ವೈಲಾ ಉಸಿರು ಬಿಗಿಹಿಡಿದು ನಿಂತಳು. ನಾನು ಹೆದೆಯನ್ನು ಕೆನ್ನೆಯವರೆಗೆ ಎಳೆದು ಬಿಟ್ಟೆ.

ಬಾಣ ತಗುಲಿತು. ಅಳಿಲು ಮಗುಚಿ ಬಿತ್ತು, ಮರುಕ್ಷಣವೇ ಹಿಂಗಾಲು ಎಳೆದುಕೊಂಡು ಕಲ್ಲುಗಳ ಸಂದಿಗೆ ನುಗ್ಗಿ ಕಾಣದಾಯಿತು.

ಬಿಲ್ಲನ್ನು ನೆಲಕ್ಕೆ ಹಾಕಿ ಓಡಿ, ಮೇಲಿನ ಕಲ್ಲು ಎತ್ತಿ ಪಕ್ಕಕ್ಕೆ ಇಟ್ಟೆ. ಆಮೇಲೆ ಅದರ ಕೆಳಗಿನದು.

"ನೋರೀನ್, ವಿಷದ ಹಾವಿನ ಜಾಗ ಕಣೇ ಇದು. ಬಾಲದ ಗಿಲಕಿ ಆಡಿಸೋವು ಬಿಸಿಲು ಕಾಯೋಕೆ ಇಲ್ಲೇ ಬರೋದು."

"ಗೊತ್ತು. ಕೋಲು ತಗೊಂಡು ಮುಂದೆ ತಡವು."

ಹದಿನೈದು ನಿಮಿಷ ಅವಳು ತಡವಿದಳು. ಅರ್ಧ ಗಂಟೆಗೆ ಅವಳ ನಗು ನಿಂತಿತು. ಒಂದು ಗಂಟೆಯಾಗುವಷ್ಟರಲ್ಲಿ ನಾನು ಎರಡು ಮಾರು ಬೇಲಿ ಕಿತ್ತಿದ್ದೆ, ಬೆರಳಿನ ಗೆಣ್ಣುಗಳಿಂದ ರಕ್ತ ಸುರಿಯುತ್ತಿತ್ತು.

"ಸಾಕು ಬಿಡೇ. ಒಂದು ಅಳಿಲಿಗೆ ಇಷ್ಟೊಂದಾ? ತಿನ್ನೋಕೆ ಒಂದು ಹಿಡಿ ಮಾಂಸ ಇರಲ್ಲ ಅದರಲ್ಲಿ."

"ನೀನು ಹೋಗು. ನಾನು ಬರಲ್ಲ."

"ಏನಾಗಿದೆ ನಿಂಗೆ? ಒಂದು ತಿಂಗಳಿಂದ ನೋಡ್ತಿದೀನಿ. ಬಾಯಿಬಿಟ್ಟು ಹೇಳು."

ಕೈಯಲ್ಲಿ ದೊಡ್ಡ ಚಪ್ಪಡಿ ಕಲ್ಲಿತ್ತು. ಅದನ್ನು ಇಳಿಸದೆಯೇ ಹೇಳಿದೆ.

"ಹೋದ ವರ್ಷ ನಾನು ತಪ್ಪಿಸಲಿಲ್ಲ ಟ್ವೈಲಾ. ಆ ಹೆಣ್ಣು ಜಿಂಕೆಗೆ ಬಾಣ ತಗುಲಿತ್ತು."

ಕೋಲು ಅಲ್ಲಾಡುವುದು ನಿಂತಿತು.

ಉಳಿದದ್ದನ್ನೂ ಹೇಳಿಬಿಟ್ಟೆ. ಬಾಣ ಹೋಗಿ ಹೊಟ್ಟೆಯ ಕಡೆಗೆ ನಾಟಿತ್ತು. ಹಾಗಾದಾಗ ಮರದ ಮೇಲಿನ ಅಟ್ಟಣೆಯಲ್ಲೇ ಕೂತು ಕಾಯಬೇಕು, ಆಮೇಲೂ ಸದ್ದಿಲ್ಲದೆ ವಾಪಸ್ ಹೋಗಿ ಗಂಟೆಗಟ್ಟಲೆ ಬಿಡಬೇಕು. ಜಿಂಕೆ ಹತ್ತಿರದಲ್ಲೇ ಮಲಗಿ ಅಲ್ಲೇ ಸಾಯುತ್ತದೆ. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಆತುರಗಾರನಿಗೆ ಬುದ್ಧಿ ಮಟ್ಟ. ನಾನು ಎರಡೇ ನಿಮಿಷದಲ್ಲಿ ಇಳಿದು ಅದರ ಹಿಂದೆ ಹೋದೆ. ಮಲಗಿದ್ದದ್ದು ನನ್ನ ಸಪ್ಪಳಕ್ಕೆ ಎದ್ದು ಓಡಿತು. ಅಲ್ಲಿಂದಾಚೆ ಒಂದು ಹನಿ ರಕ್ತವೂ ಕಾಣಲಿಲ್ಲ. ಕತ್ತಲಾಗುವವರೆಗೆ ಒಬ್ಬಳೇ ಹುಡುಕಿ, ಕ್ಯಾಂಪಿಗೆ ಬಂದು, ತಪ್ಪಿತು ಎಂದೆ. ನಾನೇ ಅಂಗಿಯ ಚುಂಗು ಎಳೆದು ಕತ್ತರಿಗೆ ಕೊಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿ ನಕ್ಕಿದ್ದರು, ನಾನೂ ನಕ್ಕಿದ್ದೆ.

ಪರವಾಗಿಲ್ಲ ಬಿಡು ಎನ್ನುತ್ತಾಳೆ ಎಂದುಕೊಂಡಿದ್ದೆ. ಟ್ವೈಲಾಳ ಮುಖ ಕೆಂಪಾಗಿತ್ತು.

"ಆರು ಜನ ಇದ್ವಿ ಕಣೇ ಅವತ್ತು. ಆರು ಜನ! ಬೆಳಿಗ್ಗೆ ಸಾಲಾಗಿ ನಡೆದಿದ್ರೆ ಸಿಕ್ಕೇ ಸಿಗ್ತಿತ್ತು. ನಿನ್ನ ಮರ್ಯಾದೆ ಉಳೀಲಿ ಅಂತ ಅದನ್ನ ಕಾಡಲ್ಲಿ ಕೊಳೆಯೋಕೆ ಬಿಟ್ಯಲ್ಲ! ತಪ್ಪಿದ್ದಕ್ಕೆ ಯಾರೂ ಬೈಯಲ್ಲ ನೋರೀನ್, ತಗುಲಿಸಿದ್ದಕ್ಕೂ ಬೈತಿರಲಿಲ್ಲ. ಹೇಳದೇ ಇದ್ದದ್ದಕ್ಕೆ ಬೈತೀನಿ."

ನನಗೆ ಅಳು ಬಂತು. ನಾಚಿಕೆಯಿಂದ ಬಂದ ಅಳು, ಒಂದು ವರ್ಷ ತಡವಾಗಿ. ಮೂಗು ತೋಳಿಗೆ ಒರೆಸಿಕೊಂಡು ಆ ಚಪ್ಪಡಿಯನ್ನು ಕೆಳಗಿಟ್ಟು ಇನ್ನೊಂದಕ್ಕೆ ಕೈಹಾಕಿದೆ. ಟ್ವೈಲಾ ಕೋಲೆಸೆದು ಎದುರು ತುದಿಯಿಂದ ಕಲ್ಲು ಕೀಳತೊಡಗಿದಳು.

ಮಧ್ಯಾಹ್ನದ ಹೊತ್ತಿಗೆ ಬೇಲಿಯ ತಳದಲ್ಲಿ, ಒಣಗಿದ ಎಲೆಗಳ ಮೇಲೆ ಅಳಿಲು ಸಿಕ್ಕಿತು. ಸತ್ತು ತಣ್ಣಗಾಗಿತ್ತು. ನಾನು ಅದನ್ನು ಚೀಲಕ್ಕೆ ಹಾಕಿದೆ. ಕಿತ್ತ ಕಲ್ಲುಗಳನ್ನೆಲ್ಲ ಮತ್ತೆ ಜೋಡಿಸುವಷ್ಟರಲ್ಲಿ ಬಿಸಿಲು ಇಳಿದಿತ್ತು.

"ಮೂರಾಯ್ತು," ಎಂದಳು ಟ್ವೈಲಾ, ಗಡುಸಾಗಿಯೇ.

"ಎರಡು. ಇದು ನರಳಿತು."

"ಎರಡೂವರೆ ಅನ್ನು."

"ಎರಡೂವರೆ ಅಳಿಲು ಅಂತ ಇರಲ್ಲ. ಈ ವರ್ಷ ನನ್ನ ಬಿಲ್ಲು ಗೋಡೆ ಮೇಲೆ."

ಟ್ವೈಲಾ ಕ್ಯಾಂಪಿಗೆ ಬಂದವಳೇ ಇಕ್ಕಳದಿಂದ ಮೊಳೆ ಕಿತ್ತು ನನ್ನ ಹಸಿರು ಚುಂಗನ್ನು ಇಳಿಸಿ ಮೇಜಿನ ಮೇಲೆ ಎಸೆದಳು.

"ಇದು ತಪ್ಪಿಸಿದವರ ಗೋಡೆ. ನಿನಗೆ ಇಲ್ಲಿ ಜಾಗ ಇಲ್ಲ. ವಾಪಸ್ ಅಂಗಿಗೆ ಹೊಲಿ, ಎದ್ದು ಕಾಣೋ ದಾರದಲ್ಲಿ. ಸೀಸನ್ ಶುರುವಾಗೋ ದಿನ ಅದನ್ನೇ ಹಾಕ್ಕೊಂಡು ಬಾ. ಕೇಳಿದವರಿಗೆಲ್ಲ ನಿನ್ನ ಬಾಯಿಂದಲೇ ಹೇಳು."

ಕೆಂಪು ದಾರದಲ್ಲಿ ಹೊಲಿದೆ. ಮುಂದಿನ ಶನಿವಾರ ನಸುಕಿನಲ್ಲಿ ಅಂಗಿಯನ್ನು ಪ್ಯಾಂಟಿನ ಹೊರಗೆ ಬಿಟ್ಟುಕೊಂಡು, ಒಲೆಯ ಮುಂದೆ ನಿಂತು ಗೋಧಿ ದೋಸೆ ಮಗುಚುತ್ತ ಐದು ಜನರಿಗೂ ಹೇಳಿದೆ. ಯಾರೂ ನಗಲಿಲ್ಲ. ಟ್ವೈಲಾಳ ಅಣ್ಣ ಎಲ್‌ವುಡ್ ತಟ್ಟೆಯಿಂದ ತಲೆಯೆತ್ತಲೇ ಇಲ್ಲ. ಅವರೆಲ್ಲ ಬಿಲ್ಲು ತೆಗೆದುಕೊಂಡು ಹೋದರು. ನಾನು ಪಾತ್ರೆ ತೊಳೆದೆ. ಗೋಡೆಯ ಮೇಲಿನ ನನ್ನ ಬಿಲ್ಲನ್ನು ನೋಡಿದಾಗಲೆಲ್ಲ ಆಸೆಯಾಯಿತು, ಆದರೆ ಕೈ ಅದರ ಹತ್ತಿರ ಹೋಗಲಿಲ್ಲ.

ಎಂಟೂವರೆಗೆ ಎಲ್‌ವುಡ್ ಒಬ್ಬನೇ ವಾಪಸ್ ಬಂದ. ಬಂದವನೇ ದೊಡ್ಡ ದನಿಯಲ್ಲಿ, "ತಪ್ಪಿತು ಮಾರಾಯ್ತಿ! ತಗೋ ಕತ್ತರಿ," ಎಂದು ಅಂಗಿಯ ಚುಂಗನ್ನು ತಾನೇ ಎಳೆದು ಹಿಡಿದ.

ನಾನು ಕತ್ತರಿ ಕೈಗೆ ತೆಗೆದುಕೊಂಡೆ. ನಮ್ಮ ಕ್ಯಾಂಪಿನಲ್ಲಿ ಚುಂಗು ಕತ್ತರಿಸಬೇಕೆಂದರೆ ಇಬ್ಬರು ಸೇರಿ ಹಿಡಿದುಕೊಳ್ಳಬೇಕು. ಆರೋಪಿ ಬೊಬ್ಬೆ ಹೊಡೆಯುತ್ತಾನೆ, ಮೇಜಿನ ಸುತ್ತ ಓಡುತ್ತಾನೆ. ತಾನಾಗಿ ಎಳೆದುಕೊಟ್ಟವಳು ಇಲ್ಲಿಯವರೆಗೆ ಒಬ್ಬಳೇ.

"ಬಾಣ ತೋರಿಸು ಎಲ್‌ವುಡ್."

ಅವನ ಕೈ ಇಳಿಯಿತು. ನನ್ನ ಅಂಗಿಯ ಕೆಂಪು ಹೊಲಿಗೆಯನ್ನೇ ನೋಡುತ್ತ ನಿಂತ. ಆಮೇಲೆ ಹೊರಗೆ ಹೋಗಿ, ಬಾಗಿಲ ಪಕ್ಕ ಒರಗಿಸಿಟ್ಟಿದ್ದ ಬಾಣ ತಂದು ಕೊಟ್ಟ. ಗರಿಯವರೆಗೂ ರಕ್ತವಿತ್ತು, ಜೊತೆಗೆ ಅರೆ ಜೀರ್ಣವಾದ ಮೇವಿನ ಹಸಿರು ಗಸಿ. ಹೊಟ್ಟೆಗೇ ತಗುಲಿತ್ತು.

"ಹಿಂದೆ ಹೋದ್ಯಾ?"

"ಇಲ್ಲ. ಹೆದರಿಕೆ ಆಯ್ತು. ಇಳಿದು ಸೀದಾ ಇಲ್ಲಿಗೇ ಬಂದೆ."

"ಹಾಗಾದ್ರೆ ಸಿಗತ್ತೆ. ಕೂತ್ಕೋ, ಕಾಫಿ ಕುಡಿ. ಮಧ್ಯಾಹ್ನದವರೆಗೆ ಯಾರೂ ಅತ್ತ ಹೆಜ್ಜೆ ಇಡೋದು ಬೇಡ. ಆಮೇಲೆ ಆರೂ ಜನ ಹೋಗೋಣ."

ಕತ್ತರಿಯನ್ನು ಮತ್ತೆ ಮೊಳೆಗೆ ತೂಗುಹಾಕಿ, ಇಬ್ಬರಿಗೂ ಕಾಫಿ ಬಗ್ಗಿಸಿ, ಗಡಿಯಾರದ ಎದುರಿಗೆ ಅವನ ಪಕ್ಕದಲ್ಲೇ ಕೂತೆ.